ಕುಡಿಯದೆ ಕೆಳಗಿಟ್ಟ ಕಾಫಿ

ಒಂಬತ್ತು ವರ್ಷ ಸಂಸತ್ತಿನಲ್ಲಿ ತೆರಿಗೆಯ ಬಗ್ಗೆ ಗಂಟಲು ಹರಿದುಕೊಂಡವನಿಗೆ ಒಂದು ಸಲವಾದರೂ ಗೆಲ್ಲಬೇಕು ಅನ್ನಿಸಿದರೆ ತಪ್ಪೇನು ಹೇಳಿ? ಮುಫ್ಲಿಹ್‌ನ ಆಸೆ ಅಷ್ಟೇ ಇತ್ತು. ಶೋಬಕ್ ಬೆಟ್ಟದಿಂದ ಆರಿಸಿ ಬಂದು ವಿರೋಧಿ ಸಾಲಿನಲ್ಲಿ ಕೂತವನು. ಮಾರಾಟ ತೆರಿಗೆ, ಆಮದು ಸುಂಕ, ಸರ್ಕಾರದ ಸಾಲ, ಏನೇ ಬರಲಿ, ಎದ್ದು ನಿಲ್ಲುತ್ತಿದ್ದ. ಅವನು ಎದ್ದ ಕೂಡಲೇ ಎದುರು ಸಾಲಿನಿಂದ ಯಾರಾದರೊಬ್ಬರು, "ಬನ್ರಪ್ಪ, ಚಹಾ ಕುಡ್ಕೊಂಡ್ ಬರೋಣ, ಇವನು ಮುಗಿಸೋದ್ರೊಳಗೆ ಊಟಾನೂ ಆಗತ್ತೆ" ಅನ್ನುತ್ತಿದ್ದರು. ಖಾಲಿ ಕುರ್ಚಿಗಳಿಗೆ ಅಂಕಿ ಅಂಶ ಓದಿ ಹೇಳಿ ಕೂರುತ್ತಿದ್ದ. ಮತ ಹಾಕುವಾಗ ಎಲ್ಲರೂ ವಾಪಸು ಬಂದು ಅವನನ್ನು ಸೋಲಿಸುತ್ತಿದ್ದರು.

ಆ ಭಾಷಣಗಳನ್ನು ಜೋಪಾನ ಮಾಡಿದ್ದು ಒಬ್ಬನೇ, ಅವನ ಅಪ್ಪ ಹಾಯಿಲ್. ಎಂಬತ್ತೆರಡು ವಯಸ್ಸು, ಅಕ್ಷರ ಬರುವುದಿಲ್ಲ. ಸದನದ ಅಚ್ಚಾದ ಕಲಾಪ ಪುಸ್ತಕಗಳನ್ನೆಲ್ಲ ಹಳೆಯ ಉಣ್ಣೆಯ ನಿಲುವಂಗಿಯಲ್ಲಿ ಸುತ್ತಿಟ್ಟು, ಸಂಜೆ ಮೊಮ್ಮಗಳು ನೂಫ್‌ಳನ್ನು ಕೂರಿಸಿಕೊಂಡು, "ನಿಮ್ಮಪ್ಪ ಮಂತ್ರಿಗೆ ಬೆವರಿಳಿಸಿದ್ದು ಓದೇ" ಅನ್ನುತ್ತಿದ್ದ. ಮಂತ್ರಿ ಬೆವರಿದ್ದು ಯಾವತ್ತೂ ಇಲ್ಲ. ಆದರೆ ಮುದುಕನಿಗೆ ಅದನ್ನು ಹೇಳುವವರು ಯಾರು?

ಈ ಚಳಿಗಾಲ ಮಾತ್ರ ಬೇರೆ ಥರ ಇತ್ತು. ಸರ್ಕಾರದ ಹೊಸ ತೆರಿಗೆ ಮಸೂದೆಯ ಒಂಬತ್ತನೇ ಕಲಮಿನಲ್ಲಿ, ಹದಿನಾಲ್ಕು ಸಾಮಾನುಗಳ ಪಟ್ಟಿಯ ನಡುವೆ, ಸೀಮೆಎಣ್ಣೆ ಕಳ್ಳನಂತೆ ಸೇರಿಕೊಂಡಿತ್ತು. ಶೋಬಕ್‌ನಲ್ಲಿ ಹಿಮ ಬೀಳುತ್ತದೆ ಸ್ವಾಮಿ. ಸೀಮೆಎಣ್ಣೆ ಒಲೆ ಹಚ್ಚದಿದ್ದರೆ ಮಕ್ಕಳ ತುಟಿ ನೀಲಿಗಟ್ಟುತ್ತವೆ. ಪಕ್ಕದ ಮನೆಯ ಉಮ್ಮ್ ಹಾಬಿಸ್ ಹೋದ ವರ್ಷವೇ ಎಣ್ಣೆ ಕೊಳ್ಳಲಾಗದೆ ಹಳೇ ಚಪ್ಪಲಿ, ಟಯರು ಸುಟ್ಟಳು. ಆ ಹೊಗೆಗೆ ಅವಳ ಕಿರಿಮಗಳು ಎರಡು ತಿಂಗಳು ಕೆಮ್ಮಿದಳು. ಇನ್ನು ತೆರಿಗೆ ಬೇರೆ ಬಿದ್ದರೆ?

ಮುಫ್ಲಿಹ್ ಈ ಸಲ ಭಾಷಣ ಮಾಡಲಿಲ್ಲ. ಪಟ್ಟಿಯಿಂದ ಸೀಮೆಎಣ್ಣೆ ತೆಗೆಯಬೇಕೆಂದು ಒಂದೇ ಸಾಲಿನ ತಿದ್ದುಪಡಿ ಬರೆದು, ಆರು ವಾರ ಒಬ್ಬೊಬ್ಬ ಸದಸ್ಯನ ಮನೆ ಬಾಗಿಲಿಗೆ ಅಲೆದ. ಗೋಗರೆದ, ಹೊಗಳಿದ, ಕೆಲವರ ಹತ್ತಿರ ಬೈಸಿಕೊಂಡ. ಕೊನೆಗೆ ಲೆಕ್ಕ ಹಾಕಿದಾಗ ಗೆಲ್ಲಲು ಬೇಕಾದದ್ದಕ್ಕಿಂತ ಮೂರು ಮತ ಹೆಚ್ಚೇ ಇದ್ದವು. ಒಂಬತ್ತು ವರ್ಷದಲ್ಲಿ ಮೊದಲ ಸಲ! ಮತದಾನ ಮಂಗಳವಾರ ಇತ್ತು.

ಶುಕ್ರವಾರ ನಮಾಜಿನ ನಂತರ ಶೋಬಕ್‌ನ ಮನೆ ಮುಂದೆ ಹನ್ನೊಂದು ಕಾರು ಬಂದು ನಿಂತವು. ಕೋರಿಕೆ ಹೊತ್ತು ಬರುವ ಹಿರಿಯರ ತಂಡ, ಜಾಹಾ. ಮನೆಯವರಿಗೆ ಆಶ್ಚರ್ಯವೇನೂ ಆಗಲಿಲ್ಲ. ಎರಡು ತಿಂಗಳ ಹಿಂದೆ ಮುಫ್ಲಿಹ್‌ನ ಮಗ ರಾಕಾನ್‌ಗೆ ತಫೀಲೆ ಊರಿನವನೊಬ್ಬನ ಕಾರು ಬಡಿದು ಕಾಲು ಮುರಿದಿತ್ತು. ಅವರು ಕ್ಷಮೆ ಕೇಳಲು ಬರುವುದಿತ್ತು. ಕ್ಷಮಿಸುವುದೆಂದು ಹಾಯಿಲ್ ಎಂದೋ ನಿಶ್ಚಯಿಸಿಯೂ ಆಗಿತ್ತು. ಜಾಹಾದ ಮುಂದೆ ಬೇರೆ ಕುಲದ ದೊಡ್ಡ ಮನುಷ್ಯನೊಬ್ಬ ಇರುವುದು ವಾಡಿಕೆ. ಈ ಸಲ ಮುಂದೆ ಇದ್ದವನು ನಿವೃತ್ತ ಸೇನಾಧಿಕಾರಿ ತೌಫೀಕ್ ಬಾಷಾ. ಹಾಯಿಲ್‌ನ ಎದೆ ಉಬ್ಬಿತು.

ಕಾಫಿ ಬಂತು. ಬಾಷಾ ಬಟ್ಟಲನ್ನು ತುಟಿಗೆ ತಾಕಿಸದೆ ತನ್ನ ಮುಂದೆ ನೆಲದ ಮೇಲಿಟ್ಟ. ಕೋರಿಕೆ ಈಡೇರುವವರೆಗೆ ಕುಡಿಯುವುದಿಲ್ಲ ಎಂದರ್ಥ. ಆಗಲೇ ಮುಫ್ಲಿಹ್‌ನ ಕಣ್ಣು ಮೂರನೇ ಸಾಲಿನಲ್ಲಿ ತಲೆ ತಗ್ಗಿಸಿ ಕೂತವನ ಮೇಲೆ ಬಿತ್ತು. ಹಣಕಾಸು ಮಂತ್ರಿಯ ಭಾವಮೈದ! ತಫೀಲೆಯವರ ಮುಖ ಒಂದೂ ಅಲ್ಲಿಲ್ಲ. ಮುಫ್ಲಿಹ್ ಅರ್ಧ ಎದ್ದ. "ಅಪ್ಪಾ..." ಅಂದ.

ಅತಿಥಿಗಳ ಎದುರು ಮಗ ಬಾಯಿ ಹಾಕುವುದುಂಟೇ? ಹಾಯಿಲ್ ಅವನತ್ತ ತಿರುಗಿಯೂ ನೋಡಲಿಲ್ಲ.

"ಕುಡೀರಿ ಬಾಷಾ. ನೀವು ಬಂದ ಕೆಲಸ ಆಯ್ತು ಅಂದ್ಕೊಳ್ಳಿ. ಏನು ಅಂತ ನಾನು ಕೇಳಲ್ಲ. ಅರವತ್ತು ವರ್ಷದಲ್ಲಿ ಈ ಮನೇಲಿ ಯಾರನ್ನೂ ಕೇಳಿಲ್ಲ."

ಬಾಷಾ ಒಂದೇ ಗುಟುಕಿಗೆ ಬಟ್ಟಲು ಖಾಲಿ ಮಾಡಿದ. ಮೀಸೆ ಒರೆಸಿಕೊಂಡ.

"ದೇವರು ನಿಮ್ಮ ಮುಖ ಬೆಳಗಲಿ, ಶೇಖ್. ನಮ್ಮದು ಸಣ್ಣ ಕೋರಿಕೆ. ಮಂಗಳವಾರ ನಿಮ್ಮ ಮಗ ಆ ಸೀಮೆಎಣ್ಣೆ ತಿದ್ದುಪಡೀನ ವಾಪಸ್ ತಗೋಬೇಕು."

ಮುದುಕನ ಮುಖ ನೋಡುವ ಹಾಗಿರಲಿಲ್ಲ. "ಹುಡುಗನ ಕಾಲು...?" ಅಂದ.

"ಅದಕ್ಕೆ ಅವರೇ ಬರ್ತಾರೆ ಬಿಡಿ. ನಾವು ಬಂದಿದ್ದು ಇದಕ್ಕೆ."

ಕಾರುಗಳು ಹೋದ ಮೇಲೆ ಮುಫ್ಲಿಹ್ ಅಪ್ಪನ ಮುಂದೆ ಕುಕ್ಕರುಗಾಲಿನಲ್ಲಿ ಕೂತ. ಕೂಗಾಡಬೇಕೆಂದಿದ್ದ. ಮೆಲ್ಲಗೆ ಕೇಳಿದ.

"ಒಂದು ಮಾತು ಕೇಳಿದ್ರೆ ಏನಾಗ್ತಿತ್ತಪ್ಪಾ? ಏನು ಬೇಕಾಗಿತ್ತು ಅಂತ ಒಂದೇ ಒಂದು ಮಾತು?"

"ಕೇಳಬಾರದು ಅಂತ ನಮ್ಮಪ್ಪ ಕಲಿಸಿದ್ದ ಕಣೋ."

"ಸರಿ. ನಾನು ನಿನ್ನ ಮಾತು ಮುರೀತೀನಿ. ಹೋಗ್ಲಿ ಮಾನ."

"ಮುರಿ. ನಾನು ಬೇಡ ಅನ್ನಲ್ಲ. ನನ್ನ ಮಾನದ ಕಥೆ ಬಿಡು, ಇವತ್ತೋ ನಾಳೆಯೋ ಮಣ್ಣಿಗೆ ಹೋಗೋದು. ಆದ್ರೆ ಕೆಳಗಿನ ಕಣಿವೆಯ ಎರಡು ಮನೆಯವರು ನೆನಪಿದ್ದಾರಾ? ಹನ್ನೆರಡು ವರ್ಷದಿಂದ ಒಬ್ಬರನ್ನೊಬ್ಬರು ಕೊಲ್ಲದೆ ಕೂತಿದ್ದಾರೆ. ಯಾಕೆ? ಹಾಯಿಲ್ ಎರಡೂ ಕಡೆಗೆ ಮಾತು ಕೊಟ್ಟಿದ್ದಾನೆ ಅಂತ. ಹಾಯಿಲ್‌ನ ಮಾತು ಅವನ ಮಗನಿಗೇ ಬೇಡ ಅಂತಾದ್ರೆ, ಅವರಿಗ್ಯಾಕೆ ಬೇಕು ಹೇಳು?"

ಮುಫ್ಲಿಹ್ ಎದ್ದು ಗೋಡೆಗೆ ಹಣೆ ಒತ್ತಿ ನಿಂತ. ಎರಡು ಕಡೆಯೂ ಮಕ್ಕಳೇ ಇದ್ದರು. ಒಂದು ಕಡೆ ಚಳಿಗೆ ಕೆಮ್ಮುವವರು, ಇನ್ನೊಂದು ಕಡೆ ಬಂದೂಕಿನ ಬಾಯಿಗೆ ಬೀಳುವವರು. ಯಾವನು ಆರಿಸಿಯಾನು?

ಇನ್ನೊಂದೇ ದಾರಿ ಉಳಿದಿತ್ತು. ತಿದ್ದುಪಡಿಗೆ ಅವನ ಜೊತೆ ಸಹಿ ಹಾಕಿದ್ದ ಝಾಲ್, ಒಂದೇ ಸಾಲಿನಲ್ಲಿ ಕೂರುವ ಹಳೆಯ ಗೆಳೆಯ. ತಾನು ಹಿಂತೆಗೆದರೂ ಝಾಲ್ ಅದನ್ನು ಮಂಡಿಸಬಹುದಿತ್ತು. ಸೋಮವಾರ ಬೆಳಗ್ಗೆ ರಾಜಧಾನಿ ಅಮ್ಮಾನ್‌ಗೆ ಹೋದವನೇ ಅವನ ಮನೆ ಬಾಗಿಲು ತಟ್ಟಿದ.

"ನೀನು ಮಂಡಿಸು ಮಾರಾಯ. ಕೈ ಮುಗೀತೀನಿ. ನಾನು ಬಾಯಿ ಬಿಡಲ್ಲ, ಅಪ್ಪನ ಮಾತೂ ಉಳಿಯತ್ತೆ."

ಝಾಲ್ ಅವನನ್ನು ಒಳಗೆ ಕೂರಿಸಿದ. ಚಹಾ ತರಿಸಿದ. ಕಣ್ಣಿಗೆ ಕಣ್ಣು ಕೊಡದೆ, ರಾಕಾನ್‌ನ ಅಪ್ಪ ಅಂತ ಮಗನ ಹೆಸರು ಹಿಡಿದು ಕರೆದ.

"ಅಬು ರಾಕಾನ್, ಬಾಷಾ ಕಾಫಿ ಕುಡಿದಿದ್ದು ಶನಿವಾರದ ಹೊತ್ತಿಗೆ ದೇಶಕ್ಕೆಲ್ಲ ಗೊತ್ತಾಗಿದೆ. ನಾನು ಎದ್ದು ನಿಂತ್ರೆ ಏನಂತಾರೆ? ಹಾಯಿಲ್ ಮುಂದಿನ ಬಾಗಿಲಲ್ಲಿ ಮಾತು ಕೊಟ್ಟು ಹಿತ್ತಲ ಬಾಗಿಲಲ್ಲಿ ಝಾಲ್‌ನ ಕಳಿಸಿದ ಅಂತಾರೆ. ನಿಮ್ಮಪ್ಪನ ಮುಖಕ್ಕೆ ನಾನು ಮಸಿ ಬಳೀಲಾ?"

"ಮಕ್ಕಳು ಸಾಯ್ತಾವೆ ಕಣೋ!"

"ಗೊತ್ತು. ನೀನು ಬೈಯಿ, ಹೊಡಿ, ನಾನು ತಿನ್ತೀನಿ. ಆದ್ರೆ ನಿನ್ನೆಯಿಂದ ನಮ್ಮ ಕಡೆ ಇದ್ದ ಹದಿನಾರು ಜನ ಸದಸ್ಯರು ಫೋನ್ ಮಾಡಿದ್ರು. ಹಾಯಿಲ್ ಕಾಫಿ ಕುಡಿಸಿ ಕೊಟ್ಟ ಮಾತಿನ ವಿರುದ್ಧ ಕೈ ಎತ್ತೋಕೆ ನಮ್ಮಿಂದ ಆಗಲ್ಲ ಅಂದ್ರು. ಮಂಡಿಸಿದ್ರೂ ಸೋಲ್ತೀವಿ."

ಅದು ಬಾಷಾಗೆ ಮೊದಲೇ ಗೊತ್ತಿತ್ತು. ಮಂತ್ರಿಗೂ ಗೊತ್ತಿತ್ತು. ಹಾಳಾದವರು! ಹಣ ಕೊಟ್ಟು ಕೊಳ್ಳಲಾಗದವನನ್ನು ಅವನಪ್ಪನ ಒಳ್ಳೆಯತನದಿಂದಲೇ ಕಟ್ಟಿಹಾಕಿದ್ದರು. ಮುಫ್ಲಿಹ್ ಚಹಾ ಮುಟ್ಟದೆ ಎದ್ದ.

ಮಂಗಳವಾರ ಸದನ ತುಂಬಿತ್ತು. ಅವನು ಮಾತಾಡುವಾಗ ಚಹಾಕ್ಕೆ ಹೋಗುತ್ತಿದ್ದವರು ಕೂಡ ಅವತ್ತು ಜಾಗ ಬಿಟ್ಟು ಕದಲಲಿಲ್ಲ. ಸಭಾಧ್ಯಕ್ಷರು ಒಂಬತ್ತನೇ ಕಲಮು ಓದಿ ಅವನ ಹೆಸರು ಕರೆದರು. ಮುಫ್ಲಿಹ್ ಎದ್ದು ನಿಂತ. ಕೋಟಿನ ಜೇಬಿನಲ್ಲಿ ಹನ್ನೊಂದು ಪುಟದ ಭಾಷಣವಿತ್ತು. ಉಮ್ಮ್ ಹಾಬಿಸ್‌ಳ ಟಯರು ಮೂರನೇ ಪುಟದಲ್ಲಿತ್ತು. ಅವನ ಕೈ ಜೇಬಿನ ಮೇಲೆಯೇ ಇತ್ತು.

"ಹಿಂತೆಗೆದುಕೊಂಡಿದ್ದೇನೆ," ಅಂದ.

ಯಾರೂ ನಗಲಿಲ್ಲ. ಯಾರಾದರೂ ನಕ್ಕಿದ್ದರೆ ಚೆನ್ನಾಗಿತ್ತು ಅನ್ನಿಸಿತು ಅವನಿಗೆ. ಕಲಮು ಒಂದು ನಿಮಿಷದಲ್ಲಿ ಪಾಸಾಯಿತು.

ಮೂರು ವಾರಕ್ಕೆ ಕಲಾಪದ ಹೊಸ ಪುಸ್ತಕ ಮನೆಗೆ ಬಂತು. ನೂಫ್ ಹುಡುಕಿ ಹುಡುಕಿ ಅಪ್ಪನ ಹೆಸರು ಸಿಕ್ಕಿದ ಕಡೆ ಬೆರಳಿಟ್ಟಳು.

"ಓದೇ," ಅಂದ ಹಾಯಿಲ್.

"ಒಂದೇ ಮಾತು ಇದೆ ತಾತ."

"ಅದನ್ನೇ ಓದು."

ಓದಿದಳು. ಮುದುಕ ಅದನ್ನು ಮತ್ತೆ ಓದಿಸಿದ. ಮೂರನೇ ಸಲವೂ ಓದಿಸಿದ. ಆಮೇಲೆ ಪುಸ್ತಕ ಇಸಿದುಕೊಂಡು ಉಳಿದವುಗಳ ಜೊತೆ ನಿಲುವಂಗಿಯಲ್ಲಿ ಸುತ್ತಿದ. ಅವತ್ತಿನಿಂದ ತನ್ನ ಕೋಣೆಯ ಒಲೆ ಹಚ್ಚಲು ಬಿಡಲಿಲ್ಲ. ಡಬ್ಬಿಯಲ್ಲಿದ್ದ ಸೀಮೆಎಣ್ಣೆಯನ್ನೆಲ್ಲ ಉಮ್ಮ್ ಹಾಬಿಸ್‌ಳ ಮನೆಗೆ ಕಳಿಸಿದ. ಯಾರು ಬೇಡಿಕೊಂಡರೂ ಕೇಳಲಿಲ್ಲ.

ಫೆಬ್ರವರಿಯಲ್ಲಿ, ಹಿಮ ಬಿದ್ದ ಮರುದಿನ, ತಫೀಲೆಯವರ ಜಾಹಾ ಕೊನೆಗೂ ಬಂತು. ಕಾರು ಓಡಿಸಿದವನ ದೊಡ್ಡಪ್ಪ, ಒರಟು ಕೈಗಳ ಮುದುಕ, ಮುಂದೆ ಕೂತ. ತಣ್ಣನೆಯ ಕೋಣೆಯಲ್ಲಿ ಎಲ್ಲರ ಉಸಿರು ಹೊಗೆಯಾಡುತ್ತಿತ್ತು. ಕಾಫಿ ಬಂತು. ಅವನು ಬಟ್ಟಲನ್ನು ಕೆಳಗಿಟ್ಟ.

ಎಲ್ಲರೂ ಹಾಯಿಲ್‌ನ ಆ ಹೆಸರುವಾಸಿ ಮಾತಿಗೆ ಕಾದರು. ಬಟ್ಟಲಿನಿಂದ ಆವಿ ಏಳುವುದು ನಿಂತಿತು. ಮುಫ್ಲಿಹ್ ಅಪ್ಪನನ್ನೇ ನೋಡುತ್ತಿದ್ದ.

"ಮೊದಲು ಹೇಳಿ," ಅಂದ ಹಾಯಿಲ್. "ಏನಕ್ಕೆ ಬಂದ್ರಿ?"

ಕೋಣೆಯಲ್ಲಿದ್ದ ಗಂಡಸರೆಲ್ಲ ತಲೆ ತಗ್ಗಿಸಿದರು. ತಫೀಲೆಯ ಮುದುಕನ ಕಣ್ಣಲ್ಲಿ ನೀರು ಬಂತು.

"ಹುಡುಗನ ಕಾಲಿಗೆ, ಶೇಖ್. ಅಲ್ಲಾಹನ ಆಣೆ, ಅದಕ್ಕೆ ಮಾತ್ರ. ಇನ್ನೇನೂ ಇಲ್ಲ."

"ಇನ್ನೇನೂ ಇಲ್ವಾ?" ಹಾಯಿಲ್ ಚಿಕ್ಕ ಮಗುವಿನ ಹಾಗೆ ಮತ್ತೆ ಕೇಳಿದ.

"ಇಲ್ಲ, ಶೇಖ್."

"ಹಾಗಾದ್ರೆ ಕುಡಿಯಪ್ಪ."

ಅಷ್ಟರಲ್ಲಿ ಕಾಫಿ ತಣ್ಣಗಾಗಿಬಿಟ್ಟಿತ್ತು. ಆದರೂ ಅವನು ಕುಡಿದ.