ಕನ್ನಡಿಯಲ್ಲಿ ಓದುವ ಗೋಡೆ

ಹಳೇ ಕಾಗದವೆಲ್ಲ ಕಳಚಿಬಿದ್ದ ಮೇಲೆ ನಡುಕೋಣೆಯ ಗೋಡೆ ಬೆತ್ತಲಾಗಿ ನಿಂತಿತು. ಸುಣ್ಣದ ಮೇಲೆ ಮಸಿ ಇಳಿದು, ಉಲ್ಟಾ ಅಕ್ಷರಗಳು ಮಂಜಿನಲ್ಲಿ ನಿಂತ ಜನರ ಹಾಗೆ ಕಾಣುತ್ತಿದ್ದವು.

ಎಲ್ಲ ಅಪ್ಪನ ಜಿಪುಣತನ. ಅಕ್ಕ ಅಚ್ಚಿನ ಮೊಳೆ ಜೋಡಿಸುತ್ತಿದ್ದ ಪತ್ರಿಕೆಯ ಪ್ರೆಸ್ಸಿನಿಂದ, ತಪ್ಪು ನೋಡಲು ಒಂದೇ ಮಗ್ಗುಲು ಅಚ್ಚು ಹಾಕಿದ ಪ್ರೂಫ್ ಹಾಳೆಗಳನ್ನು ತಂದು, ಮಸಿ ಆರುವ ಮೊದಲೇ ಅಚ್ಚನ್ನು ಒಳಗೆ ಮಾಡಿ ಅಂಟಿಸಿದ್ದ. ಬಿಳೀ ಬೆನ್ನು ಹೊರಗಿದ್ದರೆ ಸುಣ್ಣ ಹೊಡೆಸುವುದು ತಪ್ಪಿತಲ್ಲ!

ತಮ್ಮ ಆ ಕೋಣೆಯನ್ನು ಕಾಲೇಜು ಹುಡುಗರಿಗೆ ಬಾಡಿಗೆಗೆ ಕೊಡುವವನಿದ್ದ. ಬಣ್ಣದವನು ಬಕೆಟ್ಟು ಹಿಡಿದು ಬಂದಾಗಿತ್ತು. ಅಕ್ಕ ಗೋಡೆಗೆ ಬೆನ್ನು ಕೊಟ್ಟು ಕೂತುಬಿಟ್ಟಳು.

“ಏಳಕ್ಕಾ, ತಲೆ ತಿನ್ಬೇಡ. ಈ ಕೊಳಕು ಗೋಡೆ ಯಾರಿಗೆ ಬೇಕು?”

“ನಂಗೆ ಬೇಕು. ಪತ್ರಿಕೆ ಮುಚ್ಚಿತು, ಮೊಳೆ ಕರಗಿಸಿದ್ರು. ನಾನು ಜೋಡಿಸಿದ್ದು ಅಂತ ಉಳಿದಿರೋದು ಇದೊಂದೇ ಕಣೋ.”

ಮೊಳೆಯ ಮೇಲೆ ದಿನಾ ಓದಿದ ಉಲ್ಟಾ ಅಕ್ಷರ ಅವಳಿಗೆ ನೀರು ಕುಡಿದಷ್ಟು ಸಲೀಸು. ತಿರುಗಿ ಬೆರಳಿಟ್ಟು ಓದತೊಡಗಿದಳು. “ಇವನು ನೀಲಿ ಬಾಗಿಲ ಮನೆ ಅಟ್ಟದ ಹುಡುಗ. ಎಷ್ಟು ಜೋರಾಗಿ ಓದ್ತಿದ್ದ ಅಂದ್ರೆ, ಕೆಳಗಿನ ಅಜ್ಜಿಗೂ ಪಾಠ ಬಾಯಿಗೆ ಬಂದಿತ್ತು. ಇವರಿಬ್ರು ಮೂಲೆ ಮನೆಯವರು. ಇಬ್ಬರಿಗೂ ಒಂದೇ ಜೊತೆ ಚಪ್ಪಲಿ.”

ಬೀದಿಯಲ್ಲಿ ಎಂದೋ ಕೆಡವಿದ ಮನೆಗಳೆಲ್ಲ ಒಂದೊಂದಾಗಿ ಎದ್ದು ಬಂದವು. ನೀಲಿ ಬಾಗಿಲು ಕಿರುಗುಟ್ಟಿತು, ಅಟ್ಟದಲ್ಲಿ ದೀಪ ಹತ್ತಿತು. ಬಣ್ಣದವನು ಬ್ರಷ್ಷು ಕೆಳಗಿಟ್ಟ.

ತಮ್ಮನಿಗೆ ಗುಮಾನಿ. ಗಡ್ಡ ಹೆರೆಯುವ ಕನ್ನಡಿ ತಂದು ಗೋಡೆಗೆ ಹಿಡಿದ.

“ಬರೀ ನಂಬರು! ಪರೀಕ್ಷೆ ಫಲಿತಾಂಶ! ರೀಲು ಬಿಡ್ತಿದೀಯಾ?”

“ಆ ದಿನ ಎಲ್ರೂ ನಂಬರು ಕೂಗ್ತಾ ಪ್ರೆಸ್ ಕಿಟಕಿಗೆ ಜೋತುಬೀಳ್ತಿದ್ರು. ಯಾವ ನಂಬರು ಯಾವ ಮನೇದು ಅಂತ ಮರೆಯುತ್ತೇನೋ?”

ಕನ್ನಡಿ ಸಾಲಿನಿಂದ ಸಾಲಿಗೆ ಮೆಲ್ಲಗೆ ಕೆಳಗಿಳಿಯಿತು. ಒಂದೆಡೆ ಅವನ ಕೈ ನಿಂತಿತು. ಅವನ ನಂಬರಿನ ಹಿಂದಿನದಿತ್ತು, ಮುಂದಿನದಿತ್ತು. ನಡುವೆ ಒಂದು ನಂಬರು ಹಿಡಿಸುವಷ್ಟು ಬಿಳಿ.

“ಇದು ನಾನು ಫೇಲಾದ ವರ್ಷದ್ದು... ಇಲ್ಲಿ ಯಾಕೆ ಖಾಲಿ?”

ಅಕ್ಕ ಸೆರಗಿನಿಂದ ಬೆರಳು ಒರೆಸಿಕೊಂಡಳು. “ನಿನ್ನ ಜಾಗ ಮುಚ್ಚೋಕೆ ಕೈ ಬರ್ಲಿಲ್ಲ. ಪ್ರೂಫ್ ನೋಡಿ ಫೋರ್‌ಮನ್ ಬೈದ, ಆಮೇಲೆ ಸಾಲು ಕೂಡಿಸ್ದೆ. ಪೇಪರಿನಲ್ಲಿ ಆ ಜಾಗ ಬರ್ಲೇ ಇಲ್ಲ.”

ಬಣ್ಣದವನು ಗಂಟಲು ಸರಿಮಾಡಿಕೊಂಡ. “ಅಣ್ಣಾ, ಶುರು ಮಾಡ್ಲಾ?”

“ಅಡುಗೆಮನೆಗೆ ಹೋಗಿ ಹೊಡಿಯಯ್ಯಾ! ಇಲ್ಲೇನು ಕೆಲಸ ನಿಂಗೆ?”

ಅವನು ಅತ್ತ ಹೋದ ಮೇಲೆ ತಮ್ಮ ಅಕ್ಕನ ಪಕ್ಕ ಚಕ್ಕಳಮಕ್ಕಳ ಹಾಕಿ ಕೂತ.

“ಹೂಂ, ಹೇಳು. ಪರೀಕ್ಷೆ ದಿನ ಮೂಲೆ ಮನೆಯವರಲ್ಲಿ ಆ ಚಪ್ಪಲಿ ಯಾರು ಹಾಕ್ಕೊಂಡ್ರು?”