ಚಂಚಿಯೊಳಗಿನ ಗುಳಿಗೆ

ತುರ್ವಿಹಾಳದ ಗದ್ದೆಗಳಿಗೆ ಕಾಲುವೆ ನೀರು ಬಂತೆಂದರೆ ಊರಿನ ಹೆಂಗಸರ ಸೊಂಟಕ್ಕೆ ಕೆಲಸ ಬಂತೆಂದೇ ಲೆಕ್ಕ. ದಿನವಿಡೀ ಕೆಸರಲ್ಲಿ ಬಗ್ಗಿ ನೆಲ್ಲು ನಾಟಿ ಮಾಡಿದರೆ ನೋವು ಬರದೆ ಇರುತ್ತದೆಯೇ? ಆ ನೋವಿಗೆ ಮದ್ದು ಯಮನೂರಮ್ಮನ ಚಂಚಿಯಲ್ಲಿದೆ ಎಂಬುದು ಅವಳ ನಾಟಿ ಗುಂಪಿನವರಿಗೆಲ್ಲ ಗೊತ್ತಿತ್ತು.

ಚಂಚಿ ಎಂದರೆ ಎಲೆ ಅಡಿಕೆ ಇಡುವ ಬಟ್ಟೆಯ ಚೀಲ. ಹಳೆ ಸೀರೆಯ ಸೆರಗು ಕತ್ತರಿಸಿ ಅವಳ ಅವ್ವ ಹೊಲಿದು ಕೊಟ್ಟದ್ದು. ಒಂದು ಅರೆಯಲ್ಲಿ ಎಲೆ, ಒಂದರಲ್ಲಿ ಅಡಿಕೆ, ಒಂದರಲ್ಲಿ ಸುಣ್ಣದ ಡಬ್ಬಿ. ಕೊನೆಯ ಅರೆಯಲ್ಲಿ ಅಜವಾನ, ಅಂದರೆ ಓಂಕಾಳು. ಊಟವಾದ ಮೇಲೆ ಅವ್ವ ಎಲ್ಲರ ಅಂಗೈಗೂ ಒಂದೊಂದು ಚಿಟಿಕೆ ಹಾಕುತ್ತಿದ್ದಳಂತೆ.

ಯಮನೂರಮ್ಮನ ಗಂಡ ಗ್ಯಾನಪ್ಪನಿಗೆ ನಾಟಿಯ ದಿನಗಳೆಂದರೆ ಈಗಲೂ ಜೀವ. ಮದುವೆಯಾದ ಹೊಸದರಲ್ಲಿ ಅವನು ಕುರಿ ಹೊಡೆದುಕೊಂಡು ಕಾಲುವೆ ದಂಡೆಯ ಮೇಲೆ ಬರುತ್ತಿದ್ದ. ಗದ್ದೆಯಲ್ಲಿ ಬಗ್ಗಿದವರ ಬೆನ್ನು ಕಾಣುತ್ತಿತ್ತೇ ಹೊರತು ಮುಖ ಕಾಣುತ್ತಿರಲಿಲ್ಲ. ಆದರೂ ಹೆಂಡತಿ ಯಾವ ಮಡಿಯಲ್ಲಿದ್ದಾಳೆಂದು ದನಿಯ ಮೇಲೆಯೇ ಹೇಳುತ್ತಿದ್ದ. ಅವಳು ಹಾಡು ಎತ್ತಿದರೆ ಉಳಿದವರು ಸೊಲ್ಲು ಹಿಡಿಯುವರು. ಇವನು ಬಾಯಿಬಿಟ್ಟು ಕೇಳುತ್ತ ನಿಂತಾಗ ಕುರಿಗಳು ಯಾರದೋ ಪೈರಿಗೆ ಬಾಯಿ ಹಾಕುವವು. ಬೈಸಿಕೊಂಡರೂ ಪುಣ್ಯಾತ್ಮ ಮರುದಿನ ಅದೇ ದಂಡೆಗೆ ಹೋಗುತ್ತಿದ್ದ.

ಸಂತೆಗೆ ಹೋದರೆ ಅವಳಿಗಾಗಿ ಮಿರ್ಚಿ ಭಜಿ ಕಟ್ಟಿಸಿಕೊಂಡು ಬರುವುದು ಅವನ ಪದ್ಧತಿ. ವಯಸ್ಸು ಅರವತ್ತು ದಾಟಿ ಯಮನೂರಮ್ಮನ ಸೊಂಟ, ಮೊಣಕಾಲು ಹಿಡಿಯತೊಡಗಿದ ಮೇಲೆ ಭಜಿಯ ಜೊತೆ ಕಿರಾಣಿ ಅಂಗಡಿಯ ನೋವಿನ ಗುಳಿಗೆಯೂ ಬರತೊಡಗಿತು. ಚಂಚಿಯಲ್ಲಿ ಅಜವಾನದ ಜಾಗಕ್ಕೆ ಗುಳಿಗೆ ಬಂದು ಕೂತಿತು. ಗದ್ದೆಗೆ ಚಹಾ ಬಂದಾಗ ತಾನೂ ನುಂಗುವಳು, ಕೈಚಾಚಿದವರಿಗೂ ಕೊಡುವಳು.

ಹೋದ ವರ್ಷದ ನಾಟಿಯಲ್ಲಿ ಅವಳು ಕಣ್ಣಿಗೆ ಕತ್ತಲೆ ಬಂದು ಬದುವಿನ ಮೇಲೆ ಬಿದ್ದಳು. ಸಿಂಧನೂರಿನ ದವಾಖಾನೆಯಲ್ಲಿ ಗಂಟಲಿನಿಂದ ಕೊಳವೆ ಇಳಿಸಿ ನೋಡಿದರು. ಹೊಟ್ಟೆಯಲ್ಲಿ ಹುಣ್ಣಾಗಿ ರಕ್ತ ಸೋರಿತ್ತು. ರಕ್ತ ಏರಿಸಿದರು, ಹುಣ್ಣಿಗೊಂದಿಷ್ಟು ಗುಳಿಗೆ, ರಕ್ತ ಹೆಚ್ಚಲು ಕಬ್ಬಿಣದ ಗುಳಿಗೆ ಕೊಟ್ಟರು. ನೋವಿನ ಗುಳಿಗೆ ಮುಟ್ಟಬೇಡಿ ಎಂದೂ ಹೇಳಿದ್ದರು. ಆ ಗಡಿಬಿಡಿಯಲ್ಲಿ ಅದು ಯಾರ ಕಿವಿಗೆ ಬಿತ್ತು? ಹೊಟ್ಟೆ ತಣ್ಣಗಾದೊಡನೆ ಯಮನೂರಮ್ಮ ಹುಣ್ಣಿನ ಗುಳಿಗೆಯನ್ನು ಅರ್ಧಕ್ಕೇ ಬಿಟ್ಟಳು. ಗ್ಯಾನಪ್ಪನೋ, ಇದೆಲ್ಲ ಖಾರದ ಕೆಲಸ ಎಂದು ತಾನೇ ತೀರ್ಮಾನಿಸಿ ಭಜಿ ಬಂದ್ ಮಾಡಿದ. ನೋವಿನ ಗುಳಿಗೆ ಮಾತ್ರ ಚಾಲೂ ಇತ್ತು.

ಈ ವರ್ಷ ಮತ್ತೆ ನಾಟಿ ಶುರುವಾಯಿತು. ಒಂದು ದಿನ ಗ್ಯಾನಪ್ಪ ದಂಡೆಯ ಮೇಲೆ ಬರುವಾಗ ಹೆಂಡತಿಯ ಹಾಡು ನಡುವೆಯೇ ನಿಂತುಹೋಯಿತು. ಬೇರೆ ಯಾರೋ ಮುಂದುವರಿಸಿದರು. ಅಷ್ಟು ವರ್ಷಗಳಲ್ಲಿ ಹಾಗೆ ಆದದ್ದೇ ಇಲ್ಲ.

"ಯಾಕ ಬೇ, ಹಾಡು ಅರ್ಧಕ್ಕ ಬಿಟ್ಟಿ?" ಎಂದು ಮನೆಯಲ್ಲಿ ಕೇಳಿದ.

"ಉಸುರು ಹಿಡಿಯಾಕತೈತಿ. ವಯಸ್ಸಾತಲ್ಲ, ಇನ್ನೇನು."

ಅಷ್ಟರಲ್ಲಿ ಓಣಿಯ ಆಶಾ ಕಾರ್ಯಕರ್ತೆ ಮಹೇಶ್ವರಿ ಬಂದಳು. ಬಂದವಳು ಯಮನೂರಮ್ಮನ ಮುಖ ನೋಡಿ ಅಲ್ಲೇ ಕೂತಳು.

"ಅತ್ತಿ, ಕಣ್ಣು ತೋರ್ಸು. ಮೈಯಾಗ ರಕ್ತಾನ ಇಲ್ಲಲ್ಲ! ಹೊರಕಡಿ ಹೋದಾಗ ಕರ್ರಗ ಆಗತೈತೇನು?"

ಯಮನೂರಮ್ಮನಿಗೆ ನಾಚಿಕೆ. "ಆಗತೈತಿ ಬಿಡು. ಕಬ್ಬಿಣದ ಗುಳಿಗಿಗೆ ಹಂಗಾಗತೈತಿ ಅಂತ ನರ್ಸವ್ವ ಹೇಳ್ಯಾಳ."

"ಖರೆ ಐತಿ. ಆ ಗುಳಿಗಿ ಇನ್ನಾ ನುಂಗಾಕತ್ತೀಯೇನು?"

"ಅದೆಲ್ಲಿ! ಯುಗಾದಿಗೇ ಮುಗದಾವ."

"ಯುಗಾದಿಗೆ ಮುಗದ್ರ ಈಗ್ಯಾಕ ಕರ್ರಗ ಆಗಬೇಕು ಅತ್ತಿ?"

ಯಮನೂರಮ್ಮ ಬೆರಳು ಮಡಿಚಿ ತಿಂಗಳು ಎಣಿಸತೊಡಗಿದಳು. ಮಹೇಶ್ವರಿ ಕಾಯಲಿಲ್ಲ.

"ಡಾಂಬರಿನಂಗ ಮೆತ್ತುಕೊಂಡು ಕೆಟ್ಟ ವಾಸ್ನಿ ಬರತೈತಿ, ಹೌದಿಲ್ಲೋ? ಅದು ರಕ್ತ. ಹುಣ್ಣು ತಿರುಗಿ ಬಿಚ್ಚಿರಬೇಕು. ಈಗಾ ದವಾಖಾನಿಗೆ ನಡಿ."

ಗ್ಯಾನಪ್ಪ ಒಪ್ಪಲಿಲ್ಲ. "ಹೆಂಗ ಬಿಚ್ಚತೈತವ್ವ? ಖಾರ ಮುಟ್ಟಿಸಿಲ್ಲ ನಾನು. ಒಂದ್ ಭಜಿ ಸೈತ ತಂದಿಲ್ಲ!"

"ಭಜಿ ಬಿಡು ಮಾವ. ನೋವಿನ ಗುಳಿಗಿ ತಂದೀಯೇನು?"

"ಅದು ತಂದೀನಿ. ಹೊಟ್ಟಿ ತುಂಬ ಉಂಡಾ ನುಂಗತಾಳ."

"ಉಂಡು ನುಂಗಿದ್ರೂ ಹೊಟ್ಟಿ ಒಳಗ ಗಾಯ ಮಾಡತೈತಿ. ಒಮ್ಮೆ ರಕ್ತ ಹೋದವರಿಗೆ ಮತ್ತ ಹೋಗೋ ಅಪಾಯ ಹೆಚ್ಚು, ವಯಸ್ಸಾದ್ರ ಇನ್ನೂ ಹೆಚ್ಚು. ಮ್ಯಾಲೆ ಹುಣ್ಣಿನ ಗುಳಿಗಿನೂ ಅರ್ಧಕ್ಕ ಬಿಟ್ಟಾಳ, ಹೋದ ವರ್ಷ ನಾನಾ ನೋಡೀನಿ. ಹುಣ್ಣು ಮಾಡೋ ಕ್ರಿಮಿ ಹೊಟ್ಟ್ಯಾಗ ಹಂಗಾ ಉಳದಿರಬೌದು."

"ಹಂಗಾರ ಗುಳಿಗಿ ಬ್ಯಾಡ. ನೋವಿಗೆ ಸೂಜಿ ಮಾಡಸ್ತೀನಿ."

"ಸೂಜಿಯಾಗೂ ಅಂಥಾದ ಔಷಧಿ ಮಾವ. ಬಾಗಲಾ ಬ್ಯಾರೆ, ಒಳಗ ಬರೋ ಕಳ್ಳ ಒಬ್ಬಾನ."

ಗ್ಯಾನಪ್ಪ ಅಷ್ಟಕ್ಕೆ ಸೋಲುವವನಲ್ಲ. "ನಮ್ಮ ಓಣಿ ತಾಯಪ್ಪ ಒಂದ್ ಗುಳಿಗಿನೂ ನುಂಗಿದಾಂವಲ್ಲ. ಅವಂಗ್ಯಾಕ ಎರಡೆರಡು ಸಲ ರಕ್ತ ವಾಂತಿ ಆತು?"

"ಅವನದು ಸೆರೆ ಕುಡಿಯೋ ಚಟ. ಲಿವರ್ ಕೆಟ್ಟು ಅನ್ನನಾಳದಾಗಿನ ನರ ಉಬ್ಬಿ ಒಡದಿದ್ವು. ಮತ್ತ ಕುಡದ, ಮತ್ತ ಒಡದ್ವು. ಬೀಡಿ ಸೇದಿದ್ರೂ ಹುಣ್ಣು ಲಗೂನ ಆರಂಗಿಲ್ಲ."

ಯಮನೂರಮ್ಮ ಚಂಚಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತ ಎದ್ದಳು. "ನಾಟಿ ಮುಗೀಲಿ, ಆಮ್ಯಾಲೆ ನೋಡೂಣು. ಗುಂಪು ನಡುವ ಬಿಟ್ಟು ಹೆಂಗ ಹೋಗ್ಲಿ?" ಎಂದವಳು ತಲೆ ತಿರುಗಿ ಗೋಡೆ ಹಿಡಿದುಕೊಂಡಳು. ಹಣೆಯ ಮೇಲೆ ತಣ್ಣನೆ ಬೆವರು.

ಗ್ಯಾನಪ್ಪನ ವಾದ ಅಲ್ಲಿಗೇ ಮುಗಿಯಿತು. ತಾನು ಪ್ರೀತಿಯಿಂದ ಕಟ್ಟಿಸಿಕೊಂಡು ಬಂದ ಗುಳಿಗೆಯೇ ಇವಳ ರಕ್ತ ಹರಿಸಿತೇ ಎಂದುಕೊಳ್ಳುತ್ತ ಅವಳ ತೋಳು ಹಿಡಿದು ಕೂರಿಸಿದ.

"ನಿನ್ನ ಹಾಡಿಲ್ಲದ ದಂಡಿ ಮ್ಯಾಲೆ ನಾ ಹೆಂಗ ಅಡ್ಡಾಡ್ಲಿ ಯಮನೂರಿ? ಸುಮ್ನ ನಡಿ," ಎಂದ. ಮಹೇಶ್ವರಿ ಆಗಲೇ ಆಂಬುಲೆನ್ಸಿಗೆಂದು ನೂರಾ ಎಂಟಕ್ಕೆ ಫೋನ್ ಹಚ್ಚಿದ್ದಳು.

ಸಿಂಧನೂರಿನ ದವಾಖಾನೆಯಲ್ಲಿ ನೋಡಿದಾಗ ಹಳೆ ಹುಣ್ಣೇ ಮತ್ತೆ ಸೋರುತ್ತಿತ್ತು. ನಾಟಿ ಮುಗಿಯಲಿ ಎಂದು ಕಾದಿದ್ದರೆ ಕಷ್ಟವಿತ್ತು ಎಂದರು ಡಾಕ್ಟರು. ರಕ್ತ ನಿಲ್ಲಿಸಿದರು, ಕ್ರಿಮಿ ಇರುವುದನ್ನು ಪರೀಕ್ಷೆ ಮಾಡಿ ಕಂಡುಹಿಡಿದು ಅದಕ್ಕೆ ಔಷಧಿ ಕೊಟ್ಟರು, ಸೊಂಟನೋವಿಗೆ ಹೊಟ್ಟೆ ಕೆಡಿಸದ ಬೇರೆ ಗುಳಿಗೆ ಬರೆದರು. ಈ ಸಲ ಗ್ಯಾನಪ್ಪ ಎದುರು ನಿಂತು ಒಂದೊಂದು ಗುಳಿಗೆಯನ್ನೂ ನುಂಗಿಸಿದ. ಅವನ ಕಾಟಕ್ಕೆ ಬೇಸತ್ತು ಅವಳು ಬೈದದ್ದೂ ಉಂಟು.

ಮೈ ಚೇತರಿಸಿಕೊಂಡ ಮೇಲೆ ಯಮನೂರಮ್ಮ ಗುಂಪಿನವರನ್ನೆಲ್ಲ ಕಟ್ಟೆಗೆ ಕರೆದು ಚಂಚಿಯ ಕೊನೆಯ ಅರೆಯನ್ನು ಝಾಡಿಸಿದಳು. "ಇನ್ನ ಮ್ಯಾಲೆ ಗುಳಿಗಿಗೆ ನನ್ನ ಮುಂದ ಯಾರೂ ಕೈ ಚಾಚಬ್ಯಾಡ್ರಿ. ಡಾಕ್ಟರ್ ಹತ್ರ ಹೋಗ್ರಿ," ಎಂದಳು. ಆ ಅರೆಗೆ ಮತ್ತೆ ಅಜವಾನ ಬಂತು. ಅದು ನೋವಿಗೆ ಮದ್ದಲ್ಲ, ಬಾಯಿಗೆ ರುಚಿ, ಅವ್ವನ ನೆನಪು ಅಷ್ಟೇ.

ಮುಂದಿನ ನಾಟಿಗೆ ಅವಳು ಕೆಸರಿಗೆ ಇಳಿಯಲಿಲ್ಲ. ಬದುವಿನ ಮೇಲೆ ಕೂತು ಸಸಿ ಕಟ್ಟಿ ಕೊಡುತ್ತ ಹಾಡು ಎತ್ತಿದಳು, ಕೊನೆಯವರೆಗೂ ಹಾಡಿದಳು. ಗ್ಯಾನಪ್ಪ ದಂಡೆಯ ಮೇಲೆ ನಿಂತೇಬಿಟ್ಟ. ಕೈಯಲ್ಲಿ ಡಾಕ್ಟರನ್ನು ಕೇಳಿಯೇ ತಂದ ಭಜಿಯ ಪೊಟ್ಟಣ, ಕಣ್ಣಲ್ಲಿ ನೀರು. ಅವನ ಕುರಿಗಳು ಅಷ್ಟರಲ್ಲಿ ಯಾರದೋ ಪೈರಿಗೆ ಬಾಯಿ ಹಾಕಿದ್ದವು.

ಅಕ್ಕ ತಂಗಿಯರೇ, ಅಣ್ಣ ತಮ್ಮಂದಿರೇ, ನಿಮ್ಮ ಮನೆಯ ಚಂಚಿಯಲ್ಲಿ, ಗೂಡಿನಲ್ಲಿ ಏನಿದೆ, ಇವತ್ತೇ ನೋಡಿ. ಒಮ್ಮೆ ಹೊಟ್ಟೆಯಲ್ಲಿ ರಕ್ತ ಸೋರಿದವರು ಡಾಕ್ಟರನ್ನು ಕೇಳದೆ ನೋವಿನ ಗುಳಿಗೆ, ಸೂಜಿ ಮುಟ್ಟಬೇಡಿ. ಹುಣ್ಣಿನ ಔಷಧಿಯನ್ನು ಅರ್ಧಕ್ಕೆ ಬಿಡಬೇಡಿ. ಸೆರೆ, ಬೀಡಿ ಬಿಡಿ. ಹೃದಯಕ್ಕೆಂದು ರಕ್ತ ತೆಳುವಾಗಿಸುವ ಗುಳಿಗೆ ನುಂಗುವವರು ಅದನ್ನು ತಾವಾಗಿ ನಿಲ್ಲಿಸದೆ, ಹಿಂದೆ ರಕ್ತ ಹೋಗಿತ್ತೆಂದು ಡಾಕ್ಟರಿಗೆ ತಿಳಿಸಿ. ಮಲ ಡಾಂಬರಿನಂತೆ ಕಪ್ಪಾದರೆ, ವಾಂತಿಯಲ್ಲಿ ರಕ್ತ ಬಂದರೆ, ತಲೆ ತಿರುಗಿ ಬೆವರಿದರೆ, ನಾಚಿಕೆ ಬಿಟ್ಟು ಕೂಡಲೇ ನೂರಾ ಎಂಟಕ್ಕೆ ಕರೆ ಮಾಡಿ. ನಿಮ್ಮ ದನಿಗಾಗಿ ದಂಡೆಯ ಮೇಲೆ ಯಾರೋ ಕಾಯುತ್ತಿರುತ್ತಾರೆ.