ಕೈ ತೊಳೆದುಕೊಂಡವಳು

ಪ್ರಾರ್ಥನಾ ಮಂದಿರದಲ್ಲಿ ವರ್ಷಕ್ಕೊಮ್ಮೆ ಒಬ್ಬರ ಕಾಲನ್ನೊಬ್ಬರು ತೊಳೆಯುವ ದಿನ ಲಾಂಡ್ರಿ ಅಕ್ಕ ತಪ್ಪದೆ ಬರುತ್ತಿದ್ದಳು, ಆದರೆ ಯಾರ ಕಾಲನ್ನೂ ಮುಟ್ಟುತ್ತಿರಲಿಲ್ಲ. ಟವೆಲುಗಳನ್ನು ಒಗೆದು, ಇಸ್ತ್ರಿ ಮಾಡಿ, ಬಾಗಿಲ ಬಳಿ ನಿಂತು ಹಂಚುವುದು ಅವಳ ಪಾಲಿನ ಸೇವೆ. ಬಗ್ಗುವ ಗೊಡವೆಯೇ ಇಲ್ಲ.

ಈ ಸಲ ಗುರುಗಳು ಬಿಡಲಿಲ್ಲ. ಟವೆಲು ಕುರ್ಚಿಯ ಮೇಲಿರಲಿ, ನೀವೂ ಕೂತುಕೊಳ್ಳಿ ಅಂದರು. ಮೇಲು ಕೀಳು ಮರೆಯುವುದಕ್ಕೇ ಈ ನೀರು ಎಂಬ ಪ್ರತಿವರ್ಷದ ಮಾತನ್ನೂ ಸೇರಿಸಿದರು. ಅವಳಿಗೆ ಮೇಲು ಕೀಳಿನ ಚಿಂತೆ ಇರಲಿಲ್ಲ. ಎದುರು ಬೆಂಚಿನಲ್ಲಿ ಮೂರನೆಯವಳಾಗಿ ಕೂತಿದ್ದ ಒಡಹುಟ್ಟಿದ ತಂಗಿಯದೇ ಚಿಂತೆ.

ಅಮ್ಮ ಎಂಟು ತಿಂಗಳು ಹಾಸಿಗೆ ಹಿಡಿದಾಗ ತಂಗಿ ಬಂದದ್ದು ಎರಡೇ ಸಲ. ಮೂರನೆಯ ಸಲ ಬರುವಷ್ಟರಲ್ಲಿ ಅಮ್ಮನನ್ನು ಮಣ್ಣು ಮಾಡಿ ಎರಡು ದಿನ ಕಳೆದಿತ್ತು. "ನಿನ್ನ ವಿಷಯದಲ್ಲಿ ನಾನು ಕೈ ತೊಳ್ಕೊಂಡೆ," ಎಂದು ಅಕ್ಕ ಹೊಸ್ತಿಲಲ್ಲೇ ಹೇಳಿದ್ದಳು. ಆಮೇಲೆ ಆರು ವರ್ಷ ಮಾತಿಲ್ಲ, ಕತೆಯಿಲ್ಲ.

ಅಕ್ಕ ಲೆಕ್ಕ ಹಾಕಿ ನಾಲ್ಕನೆಯ ಜಾಗದಲ್ಲಿ ಕೂತಳು. ಎದುರಿಗೆ ಶಾಲೆಯ ಅಡುಗೆಯವಳು. ಅಷ್ಟರಲ್ಲಿ ಅಕ್ಕನ ಸಾಲಿನ ಮೊದಲಿಗಿದ್ದ ಅಜ್ಜಿ ಮಂಡಿನೋವೆಂದು ಎದ್ದು ಹೋದಳು, ಆ ಸಾಲೆಲ್ಲ ಒಂದೊಂದು ಜಾಗ ಮುಂದೆ ಸರಿಯಿತು. ಅಕ್ಕ ಚಾಪೆಯ ಕೆಳಗೆ ತೂರಿದರೆ ದೇವರು ರಂಗೋಲಿಯ ಕೆಳಗೆ ತೂರಿದ್ದ. ಈಗ ಎದುರಿಗೆ ತಂಗಿ.

ಎದ್ದು ಹೋದರೆ ಹತ್ತು ಜನ ಹತ್ತು ಮಾತಾಡುತ್ತಾರೆ. ಅಕ್ಕ ನೀರಿನ ಬೋಗುಣಿ ಮುಂದಿಟ್ಟು ಮಂಡಿಯೂರಿದಳು. ತೊಳೆಯುವಾಗ ಮೌನ ಅಲ್ಲಿಯ ನಿಯಮ, ಸದ್ಯ. ಮುಖ ನೋಡದೆ ಎರಡು ಬೊಗಸೆ ನೀರು ಸುರಿದು ಎದ್ದರಾಯಿತು.

ನೀರು ಬಿದ್ದದ್ದೇ ತಂಗಿಯ ಕಾಲು ಸರಕ್ಕನೆ ಹಿಂದೆ ಹೋಯಿತು. ಪಕ್ಕದವರು ತಿರುಗಿ ನೋಡಿದರು. ಎಷ್ಟು ಕೊಬ್ಬು ಅಂದುಕೊಂಡಿರಬೇಕು. ಅಕ್ಕನಿಗೆ ಗೊತ್ತಿತ್ತು, ಅದು ಕಚಗುಳಿ. ಚಿಕ್ಕಂದಿನಲ್ಲಿ ಅಮ್ಮ ಕೆಲಸದಿಂದ ಬರುವ ಮುಂಚೆ ಧೂಳು ಮೆತ್ತಿದ ಈ ಕಾಲುಗಳನ್ನು ದಿನಾ ತೊಳೆಯುತ್ತಿದ್ದವಳು ಅವಳೇ. ಹಿಮ್ಮಡಿ ಬಿಗಿಯಾಗಿ ಹಿಡಿದರೆ ಸುಮ್ಮನಿರುತ್ತಿತ್ತು, ಸಡಿಲ ಬಿಟ್ಟರೆ ಒದೆ ಗ್ಯಾರಂಟಿ. ಆ ಹಿಡಿತ ಗೊತ್ತಿದ್ದವರು ಲೋಕದಲ್ಲಿ ಇಬ್ಬರೇ. ಒಬ್ಬಳು ಹೋಗಿಯಾಗಿತ್ತು.

ಆದರೂ ಅಕ್ಕ ಬೆರಳ ತುದಿಯಿಂದಲೇ ಮತ್ತೆ ನೀರು ಸವರಿದಳು. ಕಾಲು ಮತ್ತೆ ಸರಕ್ಕನೆ ಸರಿಯಿತು. ತಂಗಿ ತುಟಿ ಕಚ್ಚಿ, ಬಗ್ಗಿ, ನಿಯಮ ಮುರಿದು ಪಿಸುಗುಟ್ಟಿದಳು:

"ಗಟ್ಟಿಯಾಗಿ ಹಿಡ್ಕೋ ಅಕ್ಕಾ."

ಅಕ್ಕನಿಗೆ ಸಿಟ್ಟೂ ಬಂತು, ಅಳುವೂ ಬಂತು. ಹಿಮ್ಮಡಿಯನ್ನು ಗಟ್ಟಿಯಾಗಿ ಹಿಡಿದು ತೊಳೆದಳು. ಟವೆಲುಗಳು ಬಾಗಿಲ ಬಳಿಯ ಕುರ್ಚಿಯ ಮೇಲಿದ್ದವು. ತರಬೇಕೆಂದರೆ ಹಿಡಿದದ್ದನ್ನು ಬಿಟ್ಟು ಏಳಬೇಕು. ಅವಳು ಏಳಲಿಲ್ಲ. ಬೆಳಿಗ್ಗೆಯಷ್ಟೇ ಇಸ್ತ್ರಿ ಮಾಡಿ ಉಟ್ಟಿದ್ದ ಬಟ್ಟೆಯ ಅಂಚಿನಿಂದಲೇ ತಂಗಿಯ ಕಾಲು ಒರೆಸಿದಳು.